ಸ್ನಾಯುಕೋಶಕ್ಕೆ ಗೊತ್ತಿರುವುದೆಷ್ಟು: ಭ್ರೂಣದಲ್ಲಿ ಸ್ನಾಯು ಹುಟ್ಟುವ, ಬೇರೆಬೇರೆಯಾಗುವ ಬಗೆ

ಪ್ರಶ್ನೆ: ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸ್ನಾಯುಗಳು ಮಧ್ಯಸ್ತರದಿಂದ ಹುಟ್ಟುತ್ತವೆ ಎಂದು ಒಂದು ಸಾಲು ಹೇಳಿ ಮುಂದೆ ಹೋಗುವುದು ರೂಢಿ. ಮಕ್ಕಳು ಅಷ್ಟಕ್ಕೇ ಬಿಡುವುದಿಲ್ಲ. ಒಂದೇ ಪದರದ ಕೋಶಗಳಲ್ಲಿ ಕೆಲವು ತೋಳಿನ ಸ್ನಾಯು, ಕೆಲವು ನಾಲಿಗೆ ಆಗುವುದು ಹೇಗೆ? ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಗೆ ಕತ್ತಿನಿಂದ ನರ ಏಕೆ ಬರುತ್ತದೆ? ವೇಗದ ನಾರು, ನಿಧಾನದ ನಾರು ಎನ್ನುತ್ತಾರಲ್ಲ, ಅದು ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆಯೇ? ಇದರಲ್ಲಿ ಯಾವುದನ್ನಾದರೂ ತರಗತಿಯಲ್ಲಿ ಕಣ್ಣಾರೆ ತೋರಿಸಬಹುದೇ?

ಉತ್ತರ: ನಿಮ್ಮ ಮೊದಲ ಮೂರು ಪ್ರಶ್ನೆಗಳ ಬುಡ ಒಂದೇ. ಭ್ರೂಣದ ಸ್ನಾಯುಕೋಶಕ್ಕೆ ತಾನು ಸ್ನಾಯು ಆಗಬೇಕು ಎಂಬುದು ಗೊತ್ತು. ಯಾವ ಸ್ನಾಯು ಆಗಬೇಕು ಎಂಬುದು ಹೆಚ್ಚಿನ ಮಟ್ಟಿಗೆ ಗೊತ್ತಿಲ್ಲ. ಅದನ್ನು ಸುತ್ತಲಿನ ಸಂಯೋಜಕ ಅಂಗಾಂಶ (ಅಂಗಗಳ ನಡುವೆ ತುಂಬಿ ಅವನ್ನು ಹಿಡಿದಿಡುವ ಅಂಗಾಂಶ), ಆಮೇಲೆ ನರ, ಆಮೇಲೆ ಬಳಕೆ ಹೇಳಿಕೊಡುತ್ತವೆ. ಇದೊಂದನ್ನು ಹಿಡಿದುಕೊಂಡರೆ ಉಳಿದ ವಿವರಗಳೆಲ್ಲ ತಮ್ಮತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಮೊದಲಿಗೆ ಮಧ್ಯಸ್ತರ (ಭ್ರೂಣದ ಮೂರು ಪದರಗಳಲ್ಲಿ ನಡುವಿನದು) ಎಂಬ ಮಾತನ್ನು ಸ್ವಲ್ಪ ಕಿರಿದಾಗಿಸಿ. ಕತ್ತಿನಿಂದ ಕೆಳಗಿನ ಅಸ್ಥಿಸ್ನಾಯುಗಳೆಲ್ಲ (ಮೂಳೆಗಳನ್ನು ಆಡಿಸುವ ಸ್ನಾಯುಗಳು) ಹುಟ್ಟುವುದು ಮುಂದೆ ಮೆದುಳು, ಬೆನ್ನುಹುರಿ ಆಗುವ ನರನಾಳದ ಎರಡೂ ಪಕ್ಕದಲ್ಲಿರುವ ಮಧ್ಯಸ್ತರದ ಪಟ್ಟಿಯಿಂದ ಮಾತ್ರ. ಈ ಪಟ್ಟಿ ತಲೆಯ ಕಡೆಯಿಂದ ಬಾಲದ ಕಡೆಗೆ ತುಂಡು ತುಂಡಾಗುತ್ತಾ ಹೋಗುತ್ತದೆ. ಅವರೆಕಾಯಿಯೊಳಗಿನ ಕಾಳುಗಳಂತೆ ಸಾಲಾಗಿ ಕಾಣುವ ಆ ತುಂಡುಗಳೇ ಸೋಮೈಟ್‌ಗಳು. ಮನುಷ್ಯರಲ್ಲಿ ಮೊದಲ ಜೋಡಿ ಕಾಣುವುದು ಸುಮಾರು 20ನೇ ದಿನಕ್ಕೆ. ಐದನೇ ವಾರ ಮುಗಿಯುವ ಹೊತ್ತಿಗೆ 42ರಿಂದ 44 ಜೋಡಿ ಆಗಿರುತ್ತವೆ. ಕೋಳಿಯಲ್ಲಿ 90 ನಿಮಿಷಕ್ಕೊಂದು ಜೋಡಿ, ಇಲಿಯಲ್ಲಿ ಸುಮಾರು ಎರಡು ಗಂಟೆಗೊಂದು, ಮನುಷ್ಯರಲ್ಲಿ ನಾಲ್ಕೈದು ಗಂಟೆಗೊಂದು. ಈ ತಾಳ ತಪ್ಪದಿರುವುದಕ್ಕೆ ಕಾರಣ ಕೋಶಗಳೊಳಗೇ ಇರುವ ಗಡಿಯಾರ: ಕೆಲವು ಜೀನ್‌ಗಳು ನಿಗದಿತ ಅವಧಿಯಲ್ಲಿ ಚಾಲೂ ಆಗಿ, ತಮ್ಮದೇ ಪ್ರೋಟೀನ್‌ನಿಂದ ತಾವೇ ಬಂದ್ ಆಗಿ, ಮತ್ತೆ ಚಾಲೂ ಆಗುತ್ತಿರುತ್ತವೆ. ಹೀಗೊಂದು ಗಡಿಯಾರ ಇರಲೇಬೇಕು ಎಂದು ಕುಕ್ ಮತ್ತು ಝೀಮನ್ 1976ರಲ್ಲಿ ಲೆಕ್ಕಾಚಾರದ ಮೇಲೆ ಹೇಳಿದ್ದರು. ಕೋಳಿಭ್ರೂಣದಲ್ಲಿ ಆ ಏರಿಳಿತ ಕಣ್ಣಿಗೆ ಬಿದ್ದದ್ದು 1997ರಲ್ಲಿ.

ಹೊಸದಾಗಿ ಉದುರಿದ ಸೋಮೈಟ್ ಯಾವ ಕಡೆಗೂ ವಾಲದ ಒಂದು ಉಂಡೆ. ಅದರ ಯಾವ ಭಾಗ ಏನಾಗಬೇಕು ಎಂಬುದನ್ನು ನೆರೆಹೊರೆ ತೀರ್ಮಾನಿಸುತ್ತದೆ. ಕೆಳಗಿನ ನೋಟೋಕಾರ್ಡ್ (ಭ್ರೂಣದ ಉದ್ದಕ್ಕೂ ಇರುವ ಕಂಬಿಯಂಥ ಆಧಾರ) ಮತ್ತು ನರನಾಳದ ತಳದಿಂದ ಸೋನಿಕ್ ಹೆಜ್‌ಹಾಗ್ ಎಂಬ ಪ್ರೋಟೀನ್ ಹರಿದುಬರುತ್ತದೆ. ಅದು ಹೆಚ್ಚಾಗಿ ತಾಕಿದ ಒಳಭಾಗ ಬೆನ್ನುಮೂಳೆ, ಪಕ್ಕೆಲುಬುಗಳ ಮೂಲವಾಗುತ್ತದೆ. ನರನಾಳದ ಬೆನ್ನಭಾಗದಿಂದಲೂ ಮೇಲಿನ ಚರ್ಮಪದರದಿಂದಲೂ ಬರುವ ವಿಂಟ್ ಪ್ರೋಟೀನ್‌ಗಳು ತಾಕಿದ ಮೇಲ್ಭಾಗ ಹಾಳೆಯಾಗಿ ಉಳಿಯುತ್ತದೆ. ಇದಕ್ಕೆ ಡರ್ಮೋಮಯೋಟೋಮ್ ಎನ್ನುತ್ತಾರೆ; ಬೆನ್ನಿನ ಒಳಚರ್ಮ ಮತ್ತು ಸ್ನಾಯು ಎರಡೂ ಇದರಿಂದಲೇ. ಹೊರಪಕ್ಕದಿಂದ ಬರುವ ಬಿಎಂಪಿ4 ಎಂಬ ಪ್ರೋಟೀನ್ ಸ್ನಾಯುವಾಗುವುದನ್ನು ತಡೆಹಿಡಿಯುತ್ತದೆ. ಹಾಗಾಗಿ ಹಾಳೆಯ ಒಳಅಂಚು ಬೇಗ ಸ್ನಾಯುವಾಗುತ್ತದೆ, ಹೊರಅಂಚು ತಡವಾಗಿ. ಒಳಅಂಚಿನವು ಬೆನ್ನುಮೂಳೆಗೆ ಅಂಟಿಕೊಂಡ ಆಳದ ಬೆನ್ನಸ್ನಾಯುಗಳಾಗುತ್ತವೆ. ಹೊರಅಂಚಿನವು ಪಕ್ಕೆಲುಬಿನ ನಡುವೆ, ಹೊಟ್ಟೆಯ ಗೋಡೆಗೆ, ಕೈಕಾಲಿಗೆ, ವಪೆಗೆ, ನಾಲಿಗೆಗೆ ಹೋಗುತ್ತವೆ.

ಕೈಕಾಲಿಗೆ ಹೋಗುವವು ನಿಜಕ್ಕೂ ವಲಸೆಗಾರರು. ಹಾಳೆಯ ಅಂಚಿನಿಂದ ಒಂಟಿ ಕೋಶಗಳಾಗಿ ಬಿಡಿಸಿಕೊಂಡು ನಡೆಯುತ್ತವೆ. ಕೋಶದ ಮೇಲೆ ಮೆಟ್ ಎಂಬ ಗ್ರಾಹಿ, ದಾರಿಯುದ್ದಕ್ಕೂ ಅದಕ್ಕೆ ಹೊಂದುವ ಎಚ್‌ಜಿಎಫ್ ಪ್ರೋಟೀನ್. ಮೆಟ್ ಜೀನನ್ನು ಚಾಲೂ ಮಾಡುವುದು ಪ್ಯಾಕ್ಸ್3 ಎಂಬ ಇನ್ನೊಂದು ಜೀನ್. ಮೆಟ್ ಇಲ್ಲದ ಇಲಿಭ್ರೂಣದಲ್ಲಿ ಕೈಕಾಲಿನ ಮೂಳೆಗಳು ಸರಿಯಾಗಿರುತ್ತವೆ, ಸ್ನಾಯುಗಳಿರುವುದಿಲ್ಲ. ವಪೆಯೂ ಸ್ನಾಯುವಿಲ್ಲದ ಬರೀ ಪೊರೆ. ಹೊರಡುವ ಮುಂಚೆ ಇವು ಸ್ನಾಯುವಾಗಿಬಿಟ್ಟರೆ ನಡೆಯಲಾಗುವುದಿಲ್ಲ, ಆದ್ದರಿಂದ ದಾರಿಯಲ್ಲಿ ಸ್ನಾಯುವಿನ ಜೀನ್‌ಗಳನ್ನು ಬಂದ್ ಮಾಡಿಟ್ಟುಕೊಂಡೇ ಹೋಗುತ್ತವೆ.

ಇದನ್ನೆಲ್ಲ ಕಂಡುಹಿಡಿದದ್ದು ಹೇಗೆ ಎಂಬುದನ್ನು ಮಕ್ಕಳಿಗೆ ಖಂಡಿತ ಹೇಳಿ; ಇಡೀ ವಿಷಯದಲ್ಲಿ ನನಗೆ ಅತಿ ಸೊಗಸೆನಿಸುವ ಪ್ರಯೋಗ ಇದು. 1969ರಲ್ಲಿ ಫ್ರಾನ್ಸಿನ ನಿಕೋಲ್ ಲೆ ದುವಾರಾಂ ಒಂದು ವಿಷಯ ಗಮನಿಸಿದರು: ಲಾವಕ್ಕಿಯ ಕೋಶಕೇಂದ್ರದ ನಡುವೆ ಕ್ರೊಮ್ಯಾಟಿನ್ (ಡಿಎನ್‌ಎ ಮತ್ತು ಅದನ್ನು ಸುತ್ತಿರುವ ಪ್ರೋಟೀನ್) ಗಟ್ಟಿಯಾಗಿ ಮುದ್ದೆಗಟ್ಟಿರುತ್ತದೆ, ಕೋಳಿಯದರಲ್ಲಿ ಚದುರಿರುತ್ತದೆ. ಡಿಎನ್‌ಎಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಯಾವ ಕೋಶ ಯಾರದು ಎಂದು ನೋಡುತ್ತಲೇ ಹೇಳಬಹುದು. ಎರಡು ದಿನದ ಕೋಳಿಭ್ರೂಣದ ರೆಕ್ಕೆಮಟ್ಟದ ಸೋಮೈಟ್‌ಗಳನ್ನು ತೆಗೆದು, ಆ ಜಾಗಕ್ಕೆ ಲಾವಕ್ಕಿಯವನ್ನು ಕೂರಿಸಿ ಮೊಟ್ಟೆ ಮುಚ್ಚಿಟ್ಟರು. ರೆಕ್ಕೆ ಬೆಳೆದ ಮೇಲೆ ಕೊಯ್ದು ನೋಡಿದರೆ ಸ್ನಾಯುನಾರುಗಳ ಕೇಂದ್ರಗಳು ಲಾವಕ್ಕಿಯವು. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಸ್ನಾಯುವನ್ನು ಸುತ್ತುವ ಪೊರೆ ಕೋಳಿಯವು. 1977ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಎರಡು ತಂಡಗಳು ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದವು.

ಅಲ್ಲಿಗೇ ನಿಲ್ಲಲಿಲ್ಲ. ರೆಕ್ಕೆಮಟ್ಟಕ್ಕೆ ಕತ್ತಿನ ಸೋಮೈಟ್ ತಂದಿಟ್ಟರೂ ರೆಕ್ಕೆಯಲ್ಲಿ ಸರಿಯಾದ ರೆಕ್ಕೆಸ್ನಾಯುಗಳೇ ಆದವು. ಮೂಳೆಯ ಭಾಗ ಹಾಗಲ್ಲ. ಎದೆಮಟ್ಟದ ಸೋಮೈಟನ್ನು ಕತ್ತಿಗೆ ಕೂರಿಸಿದರೆ ಅಲ್ಲಿ ಪಕ್ಕೆಲುಬು ಹುಟ್ಟುತ್ತದೆ. ಒಂದೇ ಉಂಡೆ, ಮೂಳೆಯಾಗುವ ಅರ್ಧಕ್ಕೆ ತನ್ನ ವಿಳಾಸ ನೆನಪಿದೆ, ವಲಸೆ ಹೋಗುವ ಸ್ನಾಯುಕೋಶಗಳಿಗೆ ಇಲ್ಲ. ಅಚ್ಚು ಇರುವುದು ಅಂಗದ ಸಂಯೋಜಕ ಅಂಗಾಂಶದಲ್ಲಿ. ಟಿಸಿಎಫ್4 ಎಂಬ ಪ್ರೋಟೀನ್ ಇರುವ ಅಲ್ಲಿನ ಕೋಶಗಳು ಮುಂದೆ ಸ್ನಾಯುಗಳು ಎಲ್ಲೆಲ್ಲಿ ಇರಬೇಕೋ ಆ ಜಾಗಗಳನ್ನು ಮೊದಲೇ ಗುರುತುಹಾಕಿಕೊಂಡಿರುತ್ತವೆ. ಸ್ನಾಯುಕೋಶಗಳು ಬಂದು ಆ ಅಚ್ಚನ್ನು ತುಂಬುತ್ತವೆ. ಸ್ನಾಯುಗಳಿಲ್ಲದ ರೆಕ್ಕೆಯಲ್ಲೂ ರಜ್ಜುಗಳು ತಮ್ಮ ಜಾಗದಲ್ಲಿ ಹುಟ್ಟುತ್ತವೆ, ಆಮೇಲೆ ಎಳೆಯಲು ಸ್ನಾಯು ಸಿಗದೆ ಕರಗಿಹೋಗುತ್ತವೆ.

ಈಗ ವಪೆಗೆ ಬರೋಣ. ಭ್ರೂಣದ ನಾಲ್ಕನೇ ವಾರದಲ್ಲಿ ವಪೆಯ ಮೂಲ ಇರುವುದು ಕತ್ತಿನ ಮಟ್ಟದಲ್ಲಿ. ಅದಕ್ಕೆ ಸ್ನಾಯುಕೋಶ ಕೊಡುವುದು ಕತ್ತಿನ ಸೋಮೈಟ್‌ಗಳು; ಅದೇ ಮಟ್ಟದ 3, 4, 5ನೇ ಕತ್ತಿನ ನರಗಳು ಜೊತೆಗೂಡಿ ಫ್ರೆನಿಕ್ ನರವಾಗಿ ಅಲ್ಲೇ ಅಂಟಿಕೊಳ್ಳುತ್ತವೆ. ಮುಂದೆ ಹೃದಯ, ಶ್ವಾಸಕೋಶಗಳು ಬೆಳೆದು ಬೆನ್ನಭಾಗ ಉದ್ದವಾದಂತೆ ವಪೆ ಕೆಳಗೆ ಜಾರಿದ ಹಾಗಾಗುತ್ತದೆ; ನರ ಅದರ ಹಿಂದೆ ಎಳೆದುಕೊಂಡು ಬರುತ್ತದೆ. ಮೇಲಿನ ಕತ್ತಿನಲ್ಲಿ ಬೆನ್ನುಹುರಿಗೆ ಪೆಟ್ಟಾದರೆ ಉಸಿರೇ ನಿಲ್ಲುವುದು, 6ನೇ ನರದ ಕೆಳಗೆ ಪೆಟ್ಟಾದವರಿಗೆ ಕೈಕಾಲು ಸೋತರೂ ಸ್ವಂತ ಉಸಿರಾಟ ಉಳಿಯುವುದು ಇದೇ ಕಾರಣಕ್ಕೆ. ವಪೆಯಡಿ ಕೀವು ಅಥವಾ ರಕ್ತ ಸೇರಿದಾಗ ನೋವು ಹೆಗಲ ತುದಿಯಲ್ಲಿ ಕಾಣುವುದೂ ಇದಕ್ಕೇ.

ಹೀಗೆ ನರ ನೋಡಿ ಸ್ನಾಯುವಿನ ಹುಟ್ಟೂರು ಹೇಳಬಹುದು. ನಾಲಿಗೆ ಬಾಯಲ್ಲಿದ್ದರೂ ಅದರ ಸ್ನಾಯು ತಲೆಯ ಹಿಂಬದಿಯ ಸೋಮೈಟ್‌ಗಳಿಂದ ಬಂದದ್ದು, ಆದ್ದರಿಂದ ಅದರ ನರ 12ನೇ ಕಪಾಲನರ (ಮೆದುಳಿನಿಂದ ನೇರ ಹೊರಡುವ ನರಗಳಲ್ಲಿ ಒಂದು). ಬೆನ್ನನ್ನು ಅಗಲವಾಗಿ ಮುಚ್ಚುವ ಲ್ಯಾಟಿಸಿಮಸ್ ಡಾರ್ಸೈಗೆ ನರ ಬರುವುದು ತೋಳಿನ ನರಜಾಲದಿಂದ. ಅದು ಬೆನ್ನಿನ ಮೇಲೆ ಹರಡಿಕೊಂಡ ತೋಳಿನ ಸ್ನಾಯು. ಅಂಗರಚನಾಶಾಸ್ತ್ರವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಇದು ಅರ್ಧ ಹೊರೆ ಇಳಿಸುತ್ತದೆ.

ತಲೆಯ ಉಳಿದ ಸ್ನಾಯುಗಳ ಲೆಕ್ಕವೇ ಬೇರೆ. ಅಗಿಯುವ ಸ್ನಾಯುಗಳು ಮೊದಲ ಗಂಟಲ ಕಮಾನಿನವು (ಭ್ರೂಣದ ಗಂಟಲಿನ ಪಕ್ಕದ ಉಬ್ಬುಸಾಲುಗಳಲ್ಲಿ ಮೊದಲನೆಯದು), 5ನೇ ಕಪಾಲನರ. ಮುಖಭಾವದವು ಎರಡನೆಯದರವು, 7ನೇ ನರ. ಇವುಗಳ ಮೂಲ ಸೋಮೈಟ್ ಅಲ್ಲ, ಪ್ಯಾಕ್ಸ್3 ಬೇಕಾಗಿಲ್ಲ, ಬದಲಿಗೆ ಟಿಬಿಎಕ್ಸ್1, ಪಿಟ್ಎಕ್ಸ್2 ಎಂಬ ಜೀನ್‌ಗಳು ಬೇಕು. ಪ್ಯಾಕ್ಸ್3 ಮತ್ತು ಮಿಫ್5 (ಸ್ನಾಯುವಿನ ಇನ್ನೊಂದು ಜೀನ್, ಮುಂದೆ ಬರುತ್ತದೆ) ಎರಡೂ ಇಲ್ಲದ ಇಲಿಭ್ರೂಣದಲ್ಲಿ ಮೈಯ ಸ್ನಾಯುಗಳೇ ಇರುವುದಿಲ್ಲ, ತಲೆಯವು ಇರುತ್ತವೆ. ಈ ಕೋಶಗಳಿಗೆ ಹೃದಯದ ಒಂದು ಭಾಗದ ಕೋಶಗಳೊಂದಿಗೆ ನೆಂಟಸ್ತನವಿದೆ. 22ನೇ ಕ್ರೋಮೋಸೋಮಿನ ಚೂರೊಂದು ಬಿಟ್ಟುಹೋಗಿ ಟಿಬಿಎಕ್ಸ್1 ಕಡಿಮೆಯಾದ ಡಿಜಾರ್ಜ್ ಸಿಂಡ್ರೋಮ್‌ನ ಮಕ್ಕಳಲ್ಲಿ ಹೃದಯದ ದೋಷವೂ ಅಂಗುಳ, ಗಂಟಲಿನ ದೌರ್ಬಲ್ಯವೂ ಒಟ್ಟಿಗೆ ಕಾಣುವುದು ಅದರಿಂದ.

'ತಾನು ಸ್ನಾಯು' ಎಂಬುದಾದರೂ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಸ್, ವೈನ್‌ಟ್ರಾಬ್, ಲಾಸರ್ ಒಂದೇ ಒಂದು ಜೀನನ್ನು ಇಲಿಯ ಸಂಯೋಜಕ ಅಂಗಾಂಶದ ಕೋಶಕ್ಕೆ ಸೇರಿಸಿ ಅದನ್ನು ಸ್ನಾಯುಕೋಶ ಮಾಡಿದರು. ಅದು ಮಯೋಡಿ. ಬೇಗನೇ ಮಿಫ್5, ಮಯೋಜೆನಿನ್, ಎಂಆರ್‌ಎಫ್4 ಎಂಬ ಒಡಹುಟ್ಟಿದವೂ ಸಿಕ್ಕವು. ಮಯೋಡಿ ಇಷ್ಟು ಬಲಶಾಲಿ ಎಂದಮೇಲೆ ಅದಿಲ್ಲದ ಇಲಿಯಲ್ಲಿ ಸ್ನಾಯುವೇ ಇರಬಾರದು ಅಲ್ಲವೇ? 1992ರಲ್ಲಿ ಮಾಡಿ ನೋಡಿದರೆ ಸ್ನಾಯು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಮಿಫ್5 ತೆಗೆದರೂ ಸ್ನಾಯು ಆಯಿತು. 1993ರಲ್ಲಿ ಎರಡನ್ನೂ ಒಟ್ಟಿಗೆ ತೆಗೆದಾಗ ಸ್ನಾಯುಕೋಶಗಳೇ ಇಲ್ಲ. ಒಂದರ ಕೆಲಸ ಇನ್ನೊಂದು ಮಾಡಬಲ್ಲದು ಎಂದಾಯಿತು. ಆ ಇಲಿಗಳಲ್ಲಿ ಪಕ್ಕದಲ್ಲೇ ಇರುವ ಎಂಆರ್‌ಎಫ್4 ಕೂಡ ಅರಿವಿಲ್ಲದೆ ಕೆಟ್ಟಿತ್ತು ಎಂದು 2004ರಲ್ಲಿ ಗೊತ್ತಾಯಿತು. ಎಂಆರ್‌ಎಫ್4 ಉಳಿಸಿದರೆ ಭ್ರೂಣದ ಮೊದಲ ಸ್ನಾಯುಗಳು ಸ್ವಲ್ಪ ಹುಟ್ಟುತ್ತವೆ. ಪಕ್ಕದ ಜೀನಿಗೆ ಪೆಟ್ಟು ಬಿದ್ದಿದೆಯೇ ಎಂದು ನೋಡದೆ ಒಂದು ಜೀನ್ ತೆಗೆದ ಫಲಿತಾಂಶವನ್ನು ನಂಬಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮಯೋಜೆನಿನ್‌ದು ಮಾತ್ರ ಬೇರೆ ಹಂತ. ಅದಿಲ್ಲದ ಮರಿಗಳಲ್ಲಿ ಸ್ನಾಯುಕೋಶಗಳು ಹುಟ್ಟಿರುತ್ತವೆ, ಆದರೆ ಕೂಡಿಕೊಂಡು ನಾರಾಗುವುದಿಲ್ಲ. ಮರಿ ಉಸಿರೆಳೆಯಲಾಗದೆ ಹುಟ್ಟುತ್ತಲೇ ಸಾಯುತ್ತದೆ. ಸ್ನಾಯುನಾರು ಎಂದರೆ ನೂರಾರು ಕೋಶಗಳು ಪೊರೆ ಕರಗಿಸಿ ಒಂದಾದದ್ದು. ಇದು ಕೂಡಿಕೆಯೋ, ಒಂದೇ ಕೋಶದ ಕೇಂದ್ರ ಮತ್ತೆ ಮತ್ತೆ ಒಡೆದದ್ದೋ ಎಂಬ ಜಗಳವನ್ನು 1967ರಲ್ಲಿ ಬಿಯಾಟ್ರಿಸ್ ಮಿಂಟ್ಸ್ ಮತ್ತು ಬೇಕರ್ ತೀರಿಸಿದರು. ಎರಡು ತಳಿಯ ಇಲಿಭ್ರೂಣಗಳನ್ನು ಬೆರೆಸಿ ಒಂದು ಇಲಿ ಮಾಡಿದರು. ಎರಡು ತುಣುಕು ಜೋಡಿಯಾಗಿ ಆಗುವ ಒಂದು ಕಿಣ್ವ ಆ ತಳಿಗಳಲ್ಲಿ ಬೇರೆಬೇರೆ. ಒಂದು ತುಣುಕು ಇದರದು, ಇನ್ನೊಂದು ಅದರದು ಎಂಬ ಮಿಶ್ರ ಕಿಣ್ವ ಸಿಕ್ಕಿದ್ದು ಅಸ್ಥಿಸ್ನಾಯುವಿನಲ್ಲಿ ಮಾತ್ರ. ಪೊರೆಗಳನ್ನು ಬೆಸೆಯುವ ಮಯೋಮೇಕರ್ ಪ್ರೋಟೀನ್ ಸಿಕ್ಕಿದ್ದು 2013ರಲ್ಲಿ, ಜೊತೆಗಾರ ಮಯೋಮಿಕ್ಸರ್ 2017ರಲ್ಲಿ.

ಕೂಡಿಕೆಗೆ ಮೊದಲು ಕೋಶ ವಿಭಜನೆ ನಿಲ್ಲಿಸಬೇಕು, ಇದು ಕಟ್ಟುನಿಟ್ಟು. ಪ್ರಯೋಗಾಲಯದಲ್ಲಿ ಸಿ2ಸಿ12 ಎಂಬ ಇಲಿಕೋಶಗಳನ್ನು ಬೆಳೆಸುವವರಿಗೆ ಇದರ ಅನುಭವ ಚೆನ್ನಾಗಿರುತ್ತದೆ. ಶೇ. 10ರಿಂದ 20 ಕರುವಿನ ಸೀರಮ್ ಇರುವವರೆಗೆ ವಿಭಜಿಸುತ್ತಲೇ ಇರುತ್ತವೆ. ತಟ್ಟೆ ತುಂಬುವ ಹೊತ್ತಿಗೆ ಅದನ್ನು ಶೇ. 2 ಕುದುರೆ ಸೀರಮ್‌ಗೆ ಬದಲಿಸಿದರೆ ಒಂದೆರಡು ದಿನದಲ್ಲಿ ಮಯೋಜೆನಿನ್, ನಾಲ್ಕೈದು ದಿನದಲ್ಲಿ ಉದ್ದನೆಯ ನಾಳಗಳು. ಮಾಮೂಲಿ ಎಡವಟ್ಟು ಏನೆಂದರೆ, ದಿನನಿತ್ಯದ ಬೆಳೆಸುವಿಕೆಯಲ್ಲಿ ತಟ್ಟೆ ತುಂಬಲು ಬಿಡುವುದು. ಕೂಡಿಕೊಳ್ಳಬಲ್ಲ ಕೋಶಗಳು ಆಗಲೇ ಕೂಡಿಕೊಂಡು ಲೆಕ್ಕದಿಂದ ಹೊರಬೀಳುತ್ತವೆ, ಮುಂದಿನ ತಲೆಮಾರುಗಳಲ್ಲಿ ಕೂಡಿಕೊಳ್ಳದವೇ ತುಂಬುತ್ತವೆ.

ಭ್ರೂಣದಲ್ಲಿ ನಾರುಗಳು ಒಂದೇ ಸಲ ಆಗುವುದಿಲ್ಲ. ಇಲಿಯಲ್ಲಿ 11ರಿಂದ 14ನೇ ದಿನದೊಳಗೆ ಮೊದಲ ತಂಡ: ಸಂಖ್ಯೆ ಕಡಿಮೆ, ರಜ್ಜುವಿನಿಂದ ರಜ್ಜುವಿನವರೆಗೆ ಚಾಚಿದ ನಾರುಗಳು. 14ರ ನಂತರ ಹುಟ್ಟುವವರೆಗೆ ಎರಡನೇ ತಂಡ, ಮೊದಲಿನವನ್ನು ಆಧಾರವಾಗಿಟ್ಟುಕೊಂಡು ಅವುಗಳ ಸುತ್ತ. ನಾರುಗಳ ಬಹುಪಾಲು ಸಂಖ್ಯೆ ಈ ಎರಡನೇ ತಂಡದ್ದೇ. ಮೊದಲ ತಂಡ ನರವಿಲ್ಲದೆಯೂ ಆಗುತ್ತದೆ. ಎರಡನೆಯದಕ್ಕೆ ನರ ಬೇಕು, ತಾಯಿಯ ಪೋಷಣೆಯೂ ಸರಿಯಿರಬೇಕು. ಕುರಿ, ಹಂದಿಗಳಲ್ಲಿ ಗಬ್ಬದ ಕಾಲದ ಕೊರತೆಯಿಂದ ಕಡಿಮೆಯಾಗುವುದು ಮುಖ್ಯವಾಗಿ ಈ ಎರಡನೇ ತಂಡ. ಹುಟ್ಟುವ ಹೊತ್ತಿಗೆ ನಾರುಗಳ ಎಣಿಕೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಮೇಲೆ ಜಿಮ್ಮಿನಲ್ಲಿ ಬೆಳೆಯುವುದು ಮುಖ್ಯವಾಗಿ ನಾರಿನ ದಪ್ಪ. ಅದಕ್ಕೆ ಹೊಸ ಕೇಂದ್ರಗಳನ್ನು ಕೊಡುವ, ಗಾಯವಾದರೆ ಹೊಸ ನಾರು ಕಟ್ಟುವ ಸ್ಯಾಟಲೈಟ್ ಕೋಶಗಳು ಕೂಡ ಅದೇ ಡರ್ಮೋಮಯೋಟೋಮಿನ ಮಧ್ಯಭಾಗದಿಂದ ಬಂದು ನಾರಿನ ಹೊದಿಕೆಯಡಿ ಮಲಗಿರುವಂಥವು. ಸಂಖ್ಯೆಯನ್ನು ಹಿಡಿತದಲ್ಲಿಡುವ ಪ್ರೋಟೀನ್ ಮಯೋಸ್ಟಾಟಿನ್. ಅದು ಕೆಟ್ಟಿರುವ ಬೆಲ್ಜಿಯನ್ ಬ್ಲೂ ದನಗಳಲ್ಲಿ ನಾರಿನ ಸಂಖ್ಯೆಯೇ ಹೆಚ್ಚಿರುತ್ತದೆ, ಕರು ದೊಡ್ಡದಾಗಿ ಹೆರಿಗೆಗೆ ಸಿಸೇರಿಯನ್ ಬೇಕಾಗುವುದು ಅಲ್ಲಿ ಮಾಮೂಲು.

ವೇಗ-ನಿಧಾನದ ಪ್ರಶ್ನೆಗೆ ಉತ್ತರ ಹೌದು ಮತ್ತು ಅಲ್ಲ. ಮೊದಲ ತಂಡದ ನಾರುಗಳು ಬಹುಪಾಲು ನಿಧಾನದ ಕಡೆಗೆ ವಾಲಿದವು, ಎರಡನೆಯದರಲ್ಲಿ ಹೆಚ್ಚಿನವು ವೇಗದ ಕಡೆಗೆ. ಯಾವ ಕಡೆಗೆ ವಾಲಬೇಕು ಎಂಬುದನ್ನು ಇಲ್ಲಿ ಹೇಳಿಕೊಡುವುದು ನರವಲ್ಲ. ಭ್ರೂಣದಲ್ಲಿ ಎಂವೈಎಚ್3, ಎಂವೈಎಚ್8 ಎಂಬ ಎಳೆಯ ಮಯೋಸಿನ್‌ಗಳಿರುತ್ತವೆ (ನಾರನ್ನು ಕುಗ್ಗಿಸುವ ಪ್ರೋಟೀನ್‌ಗಳು), ಹುಟ್ಟಿದ ಮೇಲೆ ಅವು ಹೋಗಿ ವಯಸ್ಕ ಮಯೋಸಿನ್‌ಗಳು ಬರುತ್ತವೆ. ದೊಡ್ಡವರ ಸ್ನಾಯುವಿನ ತುಣುಕಿನಲ್ಲಿ ಎಂವೈಎಚ್3 ಕಂಡರೆ ಅಲ್ಲಿ ಗಾಯವಾಗಿ ಹೊಸ ನಾರು ಹುಟ್ಟುತ್ತಿದೆ ಎಂದು ರೋಗಶಾಸ್ತ್ರಜ್ಞರು ಓದಿಕೊಳ್ಳುತ್ತಾರೆ. ಅಂತಿಮ ಮಾತು ಮಾತ್ರ ನರದ್ದು. 1960ರಲ್ಲಿ ಬುಲ್ಲರ್ ಮತ್ತು ಎಕ್ಲ್ಸ್ ತಂದೆ-ಮಗಳು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿನ ನರವನ್ನು ಮೀನಖಂಡದ ನಿಧಾನದ ಸ್ನಾಯುವಾದ ಸೋಲಿಯಸ್‌ಗೆ, ಅದರದ್ದನ್ನು ಇದಕ್ಕೆ ಅದಲುಬದಲು ಹೊಲಿದರು. ವಾರಗಳು ಕಳೆದ ಮೇಲೆ ಸೋಲಿಯಸ್ ಚುರುಕಾಯಿತು, ಇನ್ನೊಂದು ಮಂದವಾಯಿತು. ನರ ಕಳಿಸುವ ವಿದ್ಯುತ್ ಸಂದೇಶದ ಲಯವೇ ಇಲ್ಲಿ ಮುಖ್ಯ: ಸೆಕೆಂಡಿಗೆ 10ರಿಂದ 20ರಂತೆ ಬಿಡದೆ ಬಂದರೆ ನಾರಿನೊಳಗೆ ಕ್ಯಾಲ್ಸಿಯಂ ಒಂದೇ ಸಮ ಉಳಿದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ನಿಧಾನದ ಜೀನ್‌ಗಳನ್ನು ಎಬ್ಬಿಸುತ್ತದೆ, ಆಗೊಮ್ಮೆ ಈಗೊಮ್ಮೆ ಜೋರಾಗಿ ಬಂದರೆ ವೇಗದವು. ತರಬೇತಿಯಿಂದ ವೇಗದ ಎರಡು ಉಪಬಗೆಗಳ ನಡುವಿನ ಬದಲಾವಣೆ ಸುಲಭ. ಪೂರ್ತಿ ವೇಗದ್ದು ಪೂರ್ತಿ ನಿಧಾನದ್ದಾಗುವುದು ಕಷ್ಟ. ಆದ್ದರಿಂದ ಓಟಗಾರ ಹುಟ್ಟುತ್ತಾನೆ ಎನ್ನುವವರೂ ತಯಾರಾಗುತ್ತಾನೆ ಎನ್ನುವವರೂ ಅರ್ಧರ್ಧ ಸರಿ.

ಎಲ್ಲಿ ಕೆಡುತ್ತದೆ ಎಂಬುದಕ್ಕೆ ಪೋಷಕರಲ್ಲಿರುವ ಒಂದು ತಪ್ಪುಕಲ್ಪನೆ ಮೊದಲು. ಡ್ಯೂಷೆನ್ ಸ್ನಾಯುಕ್ಷಯದಲ್ಲಿ ಗರ್ಭದಲ್ಲಿ ಸ್ನಾಯು ರೂಪುಗೊಳ್ಳಲೇ ಇಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ, ಸ್ನಾಯುಗಳೆಲ್ಲ ತಮ್ಮ ಜಾಗದಲ್ಲಿ, ತಮ್ಮ ಆಕಾರದಲ್ಲಿ ಆಗಿರುತ್ತವೆ. ಪೊರೆಗೆ ಬಲ ಕೊಡುವ ಡಿಸ್ಟ್ರೋಫಿನ್ ಪ್ರೋಟೀನ್ ಇಲ್ಲದ ನಾರಿನ ಪೊರೆ ಬಳಕೆಯಿಂದ ಹರಿಯುತ್ತಾ ಹೋಗುವುದು ಆಮೇಲಿನ ಕಥೆ. ಗರ್ಭಿಣಿ ಏನೋ ತಿಂದದ್ದರಿಂದ ಅಥವಾ ಭಾರ ಎತ್ತಿದ್ದರಿಂದ ಬಂದದ್ದಲ್ಲ. ರೂಪುಗೊಳ್ಳುವುದರಲ್ಲೇ ಕೆಡುವುದು ಬೇರೆ: ಪೋಲೆಂಡ್ ಸಿಂಡ್ರೋಮ್‌ನಲ್ಲಿ ಎದೆಯ ಒಂದು ಬದಿಯ ದೊಡ್ಡ ಸ್ನಾಯುವಿನ ಭಾಗ ಇರುವುದಿಲ್ಲ, ಹೆಚ್ಚಾಗಿ ಬಲಕ್ಕೆ. ಜನ್ಮಜಾತ ವಪೆಯ ಹರ್ನಿಯಾ (ವಪೆಯಲ್ಲಿ ತೂತು ಉಳಿದು ಹೊಟ್ಟೆಯ ಅಂಗಗಳು ಎದೆಗೆ ನುಗ್ಗುವುದು) ಸುಮಾರು 3000 ಹೆರಿಗೆಗೆ ಒಂದು, ಹೆಚ್ಚಾಗಿ ಎಡಕ್ಕೆ. ಅಲ್ಲಿ ತಪ್ಪು ಸ್ನಾಯುಕೋಶದ್ದಲ್ಲ, ಅಚ್ಚು ಹಾಕುವ ಸಂಯೋಜಕ ಅಂಗಾಂಶದ್ದು ಎಂದು 2015ರಲ್ಲಿ ಇಲಿಗಳಲ್ಲಿ ತೋರಿಸಿದರು.

ಇನ್ನೊಂದು ಗಂಭೀರ ವಿಷಯ ಅಲುಗಾಟದ್ದು. ಮಗು 7-8ನೇ ವಾರದಲ್ಲೇ ಸಣ್ಣಗೆ ಮಿಸುಕುತ್ತದೆ, ತಾಯಿಗೆ ತಿಳಿಯುವುದು ಐದನೇ ತಿಂಗಳ ಹೊತ್ತಿಗೆ. ಆ ಅಲುಗಾಟವೇ ಕೀಲುಗಳ ಬಿಡುವನ್ನು ಉಳಿಸುವುದು. ಕೋಳಿಭ್ರೂಣಕ್ಕೆ ಸ್ನಾಯು ಸ್ತಬ್ಧಗೊಳಿಸುವ ಔಷಧ ಕೊಟ್ಟರೆ ಕೀಲುಗಳು ಬೆಸೆದುಹೋಗುತ್ತವೆ. ಮಕ್ಕಳಲ್ಲಿ ಹುಟ್ಟುವಾಗಲೇ ಹಲವು ಕೀಲುಗಳು ಬಿಗಿದಿರುವ ಆರ್ಥ್ರೋಗ್ರೈಪೋಸಿಸ್‌ನ ಹಿಂದೆ ಸ್ನಾಯು, ನರ, ಗರ್ಭದ ನೀರಿನ ಕೊರತೆ, ಯಾವುದಾದರೂ ಇರಬಹುದು. ಅಪರೂಪಕ್ಕೆ ತಾಯಿಯ ಮಯಾಸ್ತೇನಿಯಾದ (ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ) ಪ್ರತಿಕಾಯಗಳು ನರದ ಸಂದೇಶ ಹಿಡಿಯುವ ಭ್ರೂಣದ ಗ್ರಾಹಿಯನ್ನು ಮಾತ್ರ ಅಡ್ಡಗಟ್ಟಿ, ತಾಯಿಗೆ ಯಾವ ತೊಂದರೆಯೂ ಕಾಣದೆ ಮಗುವಿಗೆ ಹೀಗಾಗುತ್ತದೆ. ಇಂಥ ಮಗು ಒಂದಕ್ಕಿಂತ ಹೆಚ್ಚು ಬಾರಿ ಆಗಿದ್ದರೆ ತಾಯಿಯ ರಕ್ತಪರೀಕ್ಷೆ ಮಾಡಿಸುವುದು ಇದಕ್ಕೇ.

ತರಗತಿಗೆ ಕೋಳಿಮೊಟ್ಟೆಯೇ ಸಾಕು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣ ಇರುವುದಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲವಲ್ಲ. ಹುಂಜದ ಜೊತೆ ಬಿಟ್ಟ ನಾಟಿಕೋಳಿಯದು ಅಥವಾ ಹ್ಯಾಚರಿಯದು ಬೇಕು. ಇಟ್ಟು ಒಂದು ವಾರದೊಳಗಿನದಿರಲಿ, ಫ್ರಿಜ್ಜಿನಲ್ಲಿಡಬೇಡಿ. 37.5ರಿಂದ 38 ಡಿಗ್ರಿಯಲ್ಲಿ, ತೇವಕ್ಕೆ ಒಂದು ಬಟ್ಟಲು ನೀರಿಟ್ಟು, ಮೊಟ್ಟೆಯನ್ನು ಅಡ್ಡ ಮಲಗಿಸಿ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಭ್ರೂಣ ತೇಲಿ ಆ ಗುರುತಿನ ಕೆಳಗೆ ಬರುತ್ತದೆ. 48 ಗಂಟೆಯಾದ ಮೇಲೆ ದಪ್ಪ ತುದಿಯಿಂದ ಸಿರಿಂಜಿನಲ್ಲಿ 3-4 ಮಿ.ಲೀ. ಬಿಳಿ ಲೋಳೆ ಎಳೆದುಬಿಡಿ. ಇದನ್ನು ಬಿಟ್ಟರೆ ಚಿಪ್ಪು ಕತ್ತರಿಸುವಾಗ ಕತ್ತರಿ ನೇರ ಭ್ರೂಣಕ್ಕೇ ತಾಕುತ್ತದೆ. ಗುರುತಿನ ಸುತ್ತ ಕಿಟಕಿ ಕೊಯ್ದು, ನಡುವೆ ತೂತು ಮಾಡಿದ ಫಿಲ್ಟರ್ ಕಾಗದದ ಉಂಗುರವನ್ನು ಭ್ರೂಣದ ಸುತ್ತಲಿನ ಪೊರೆಗೆ ಅಂಟಿಸಿ, ಹೊರಗೆ ಕತ್ತರಿಸಿ, ಬೆಚ್ಚಗಿನ ಉಪ್ಪುನೀರಿಗೆ ಎತ್ತಿಕೊಳ್ಳಿ. ಲೀಟರಿಗೆ 7ರಿಂದ 9 ಗ್ರಾಂ ಉಪ್ಪು.

ಬೆಳಕನ್ನು ಓರೆಯಾಗಿ ಬಿಟ್ಟು 20-40 ಪಟ್ಟು ದೊಡ್ಡದಾಗಿ ನೋಡಿ. 33ರಿಂದ 38 ಗಂಟೆಗೆ 10 ಜೋಡಿ, 45ರಿಂದ 49ಕ್ಕೆ 16, ಎರಡು ದಿನ ದಾಟುತ್ತಿದ್ದಂತೆ 19 ಇರಬೇಕು. ಬಾಲದ ಕಡೆಯವು ಇನ್ನೂ ಉಂಡೆಗಳು. ತಲೆಯ ಕಡೆಯವು ಆಗಲೇ ಹಾಳೆಯಾಗಿ ಬಿಚ್ಚಿಕೊಂಡಿರುತ್ತವೆ. ಒಂದೇ ಭ್ರೂಣದಲ್ಲಿ ಹಿಂದಿನಿಂದ ಮುಂದಕ್ಕೆ ನೋಡುತ್ತಾ ಹೋದರೆ ಮೇಲೆ ಹೇಳಿದ ಮೊದಲ ಹಂತಗಳೆಲ್ಲ ಅನುಕ್ರಮವಾಗಿ ಸಿಗುತ್ತವೆ. ಎಣಿಕೆ ನಾಲ್ಕೈದು ಜೋಡಿ ಕಡಿಮೆ ಬಂದರೆ ಇನ್‌ಕ್ಯುಬೇಟರಿನ ಉಷ್ಣಾಂಶ ನೋಡಿ, ಇಲ್ಲವೇ ಮೊಟ್ಟೆ ಹಳೆಯದಿರಬೇಕು. ಒಂದು ಕಡಿಮೆ ಬಂದರೆ ಚಿಂತೆಯಿಲ್ಲ. ಕಿವಿಯ ಗುಳಿಯ ಹಿಂದಿನ ಮೊದಲ ಸೋಮೈಟ್ ಆ ಹೊತ್ತಿಗೆ ಚದುರಿಹೋಗಿರುತ್ತದೆ.